ನಾವು ಮರಳಿಸಬೇಕಾದ ಎಂಬತ್ತು ಪಾಲು

ಆಲಮಟ್ಟಿ, ನಿಡಗುಂದಿ, ಕೊಲ್ಹಾರ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಭಾಗದ ಗ್ರಾಮ ಪಂಚಾಯ್ತಿ, ಪಟ್ಟಣ ಪಂಚಾಯ್ತಿ, ಪುರಸಭೆಗಳ ಸದಸ್ಯರಾದ ಅಣ್ಣಂದಿರಿಗೂ ಅಕ್ಕ-ತಂಗಿಯರಿಗೂ,

ಕೃಷ್ಣೆಯ ಮಾತು ಬಂದರೆ ನಮ್ಮ ಸಭೆಗಳಲ್ಲಿ ಟಿಎಂಸಿ ಲೆಕ್ಕ ಶುರುವಾಗುತ್ತದೆ. ನಮ್ಮ ಪಾಲೆಷ್ಟು, ಮೇಲಿನವರು ಹಿಡಿದದ್ದೆಷ್ಟು, ಕೆಳಗಿನವರು ಕೇಳುವುದೆಷ್ಟು ಎಂದು ರಾತ್ರಿಯವರೆಗೂ ಮಾತಾಡುತ್ತೇವೆ. ಆ ಪಾಲು ಗೊತ್ತುಮಾಡಿದ ಕೃಷ್ಣಾ ಜಲವಿವಾದದ ತೀರ್ಪಿನಲ್ಲಿ ಹೆಚ್ಚಾಗಿ ಯಾರೂ ಎತ್ತಿ ಆಡದ ಒಂದು ನಿಯಮವಿದೆ. ನ್ಯಾಯಮೂರ್ತಿ ಬಚಾವತ್ ನೇತೃತ್ವದ ಮೊದಲ ನ್ಯಾಯಾಧಿಕರಣ 1976ರ ಅಂತಿಮ ತೀರ್ಪಿನಲ್ಲಿ ಊರುಗಳ ನೀರಿನ ಬಳಕೆಯನ್ನು ಅಳೆಯುವ ಕ್ರಮವನ್ನು ಗೊತ್ತುಮಾಡಿತು. ಮನೆಬಳಕೆಗೆಂದು ನದಿಯಿಂದ ನೂರು ಪಾಲು ಎತ್ತಿದರೆ 20 ಪಾಲನ್ನಷ್ಟೇ ಬಳಕೆ ಎಂದು ಹಿಡಿಯಬೇಕು; ಕೈಗಾರಿಕೆಗೆ ಎತ್ತಿದ್ದಾದರೆ ಎರಡೂವರೆ ಪಾಲು. ಉಳಿದದ್ದು ತಿರುಗಿ ಹೊಳೆಗೇ ಸೇರುತ್ತದೆ ಎಂಬುದು ಅದರ ಹಿಂದಿನ ಎಣಿಕೆ.

ಎಣಿಕೆ ಸರಿಯಾಗಿಯೇ ಇದೆ. ಮನೆಗೆ ಬಂದ ನೀರಿನಲ್ಲಿ ಕುಡಿಯಲು, ಅಡುಗೆಗೆ ಬೇಕಾದದ್ದು ಸ್ವಲ್ಪ. ಸ್ನಾನ, ಪಾತ್ರೆ, ಅರಿವೆ, ಪಾಯಖಾನೆ ಎಂದು ಉಳಿದದ್ದೆಲ್ಲ ಹೊರಗೆ ಹರಿಯುತ್ತದೆ. ಒಳಚರಂಡಿಯ ನಕ್ಷೆ ಬರೆಯುವ ಎಂಜಿನಿಯರರೂ ಕೊಟ್ಟ ನೀರಿನ ಶೇ 80ರಷ್ಟು ಕೊಳೆನೀರಾಗಿ ಬರುತ್ತದೆಂದೇ ಲೆಕ್ಕ ಹಾಕುತ್ತಾರೆ. ಆದರೆ ತೀರ್ಪಿನ ಆ ನಿಯಮ ಹೇಳುವುದು ಎಷ್ಟು ಮರಳುತ್ತದೆ ಎಂಬುದನ್ನು ಮಾತ್ರ. ಎಂಥ ಸ್ಥಿತಿಯಲ್ಲಿ ಮರಳಬೇಕು ಎಂಬ ತೀರ್ಮಾನ ಪಂಚಾಯ್ತಿಯ ಠರಾವು ಪುಸ್ತಕದಲ್ಲಿ ಆಗಬೇಕಾದದ್ದು, ಅಂದರೆ ನಿಮ್ಮ ಕೈಯಲ್ಲಿರುವುದು. ಕುಡಿಯುವ ನೀರಿನ ಕೆಲಸದಲ್ಲೇ ದುಡಿದು ನಿವೃತ್ತನಾಗಿ ಈ ದಂಡೆಯಲ್ಲಿ ಉಳಿದಿರುವ ನಾನು ನಿಮಗೆ ಬರೆಯುತ್ತಿರುವುದು ಆ ತೀರ್ಮಾನದ ಬಗ್ಗೆ. ಯಂತ್ರ ಮಾರಲು ಬರುವವರ ಮಾತು ಕೇಳುವ ಮೊದಲು ನಮ್ಮ ಮಣ್ಣು, ನಮ್ಮ ಬಿಸಿಲು, ನಮ್ಮ ನೆಲದ ಇಳಿಜಾರು ಏನು ಹೇಳುತ್ತವೆ ಎಂಬುದನ್ನು ಕೇಳಿರಿ ಎಂದು ಬೇಡಿಕೊಳ್ಳುವುದಕ್ಕೆ ಈ ಪತ್ರ.

ಮೊದಲು ಮಣ್ಣಿನ ಮಾತು. 2019ರಲ್ಲಿ ಜಲಜೀವನ ಮಿಷನ್ ಶುರುವಾದ ಮೇಲೆ ತಲೆಗೆ ದಿನಕ್ಕೆ 55 ಲೀಟರ್ ಎಂಬ ಗುರಿಯಿಟ್ಟುಕೊಂಡು ಮನೆಮನೆಗೆ ನಳ ಬರುತ್ತಿದೆ. ಕೊಡ ಹೊತ್ತು ನಡೆದ ತಾಯಂದಿರಿಗೆ ಇದು ಎಂಥ ಬಿಡುಗಡೆ ಎಂದು ನಾನು ಹೇಳಬೇಕಾಗಿಲ್ಲ. ಆದರೆ ನಳ ಬಂದಲ್ಲೆಲ್ಲ ಗಟಾರವೂ ತುಂಬುತ್ತದೆ. ನಾಲ್ಕು ಸಾವಿರ ಜನರ ಊರಿಗೆ ದಿನಕ್ಕೆ 2,20,000 ಲೀಟರ್ ನೀರು ಬಂದರೆ 1,76,000 ಲೀಟರ್ ಹೊರಗೆ ಹೋಗಲೇಬೇಕು. ಎಲ್ಲಿಗೆ? ಮನೆಗೊಂದು ಇಂಗುಗುಂಡಿ ತೋಡಿರಿ ಎನ್ನುತ್ತದೆ ಸರಕಾರದ ಕೈಪಿಡಿ. ಕೆಂಪು ಮಣ್ಣಿನ ಸೀಮೆಯಲ್ಲಿ, ಗರಸು ನೆಲದಲ್ಲಿ ಅದು ಒಳ್ಳೆಯ ಸಲಹೆ. ನಮ್ಮ ಎರೆ ಮಣ್ಣಿನಲ್ಲಿ ಹಾಗಾಗುವುದಿಲ್ಲ. ಎರೆ ನೆಲ ಒಂದು ಸಲ ನೆನೆದು ಉಬ್ಬಿತೆಂದರೆ ಅದರ ರಂಧ್ರಗಳು ಮುಚ್ಚಿಕೊಳ್ಳುತ್ತವೆ, ನೀರು ಕೆಳಗಿಳಿಯುವುದು ಹೆಚ್ಚುಕಡಿಮೆ ನಿಂತೇ ಹೋಗುತ್ತದೆ. ಬೇಸಿಗೆಯಲ್ಲಿ ಅದೇ ನೆಲ ಕೈ ತೂರುವಷ್ಟು ಬಿರಿಯುತ್ತದೆ. ಆಗ ಗುಂಡಿಯ ಗೋಡೆ ಸೀಳುತ್ತದೆ, ಸೆಪ್ಟಿಕ್ ಟ್ಯಾಂಕಿನ ಕಟ್ಟಡ ಸೀಳುತ್ತದೆ. ಮುಂದೆ ಆಗುವುದು ನಿಮಗೆ ಗೊತ್ತು. ಸೆಪ್ಟಿಕ್ ಟ್ಯಾಂಕಿನ ಪೈಪನ್ನು ತಂದು ಗಟಾರಕ್ಕೆ ಬಿಡುತ್ತಾರೆ, ಗಟಾರ ಹಳ್ಳಕ್ಕೆ ಬೀಳುತ್ತದೆ, ಹಳ್ಳ ಆಲಮಟ್ಟಿಯ ಹಿನ್ನೀರಿಗೆ. ಟ್ಯಾಂಕು ತುಂಬಿದಾಗ ಸಕ್ಕಿಂಗ್ ಗಾಡಿ ಬಂದು ಎಳೆದುಕೊಂಡು ಹೋಗಿ ಊರ ಹೊರಗಿನ ಯಾವುದೋ ತಗ್ಗಿನಲ್ಲಿ ಸುರಿಯುತ್ತದೆ. ಹಿನ್ನೀರಿನ ದಂಡೆಯಲ್ಲಿ ತಗ್ಗುಗಳೆಲ್ಲ ಒಂದೇ ಕಡೆಗೆ ಇಳಿಯುತ್ತವೆ.

ಸಮುದ್ರದಂಥ ಹಿನ್ನೀರಿಗೆ ಒಂದೆರಡು ಗಟಾರಗಳಿಂದ ಏನಾದೀತು ಎಂದು ಕೆಲವು ಸದಸ್ಯರು ಕೇಳಿದ್ದಾರೆ. ನ್ಯಾಯವಾದ ಪ್ರಶ್ನೆ, ಲೆಕ್ಕದಿಂದಲೇ ಉತ್ತರ ಕೊಡಬೇಕು. ಇಪ್ಪತ್ತೈದು ಸಾವಿರ ಜನರ ಪಟ್ಟಣವೊಂದು ದಿನಕ್ಕೆ 20 ಲಕ್ಷ ಲೀಟರ್ ಕೊಳೆನೀರು ಬಿಟ್ಟರೆ ವರ್ಷಕ್ಕೆ 73 ಕೋಟಿ ಲೀಟರ್. ಒಂದು ಟಿಎಂಸಿ ಎಂದರೆ 2,831 ಕೋಟಿ ಲೀಟರ್. 519.60 ಮೀಟರ್ ಮಟ್ಟದವರೆಗೆ ತುಂಬಿದ ಆಲಮಟ್ಟಿಯ ಲಾಲ್ ಬಹದ್ದೂರ್ ಶಾಸ್ತ್ರಿ ಸಾಗರದಲ್ಲಿ ಅಂಥವು 123 ಹಿಡಿಯುತ್ತವೆ. ಎಲ್ಲ ಸಮನಾಗಿ ಬೆರೆಯುವುದಾದರೆ ಆ ಪಟ್ಟಣದ ಕೊಳೆ ಕಣ್ಣಿಗೂ ಕಾಣದು. ಆದರೆ ಅದು ಸಮನಾಗಿ ಬೆರೆಯುವುದಿಲ್ಲ. ಹಳ್ಳ ಬಂದು ಸೇರುವ ಕಡೆ, ಆಳವಿಲ್ಲದ ದಂಡೆಯಲ್ಲಿ ನಿಲ್ಲುತ್ತದೆ. ನಾವು ಬಟ್ಟೆ ಒಗೆಯುವುದು, ದನ ಇಳಿಸುವುದು, ಮಕ್ಕಳು ಈಜು ಕಲಿಯುವುದು ಆ ದಂಡೆಯಲ್ಲೇ. ಬೇಸಿಗೆಯಲ್ಲಿ ನೀರು ಹಿಂದೆ ಸರಿದಾಗ ಕುಡಿಯುವ ನೀರೆತ್ತುವ ಜಾಕ್‌ವೆಲ್ಲುಗಳಿಗೆ ಸಿಗುವುದು ಉಳಿದ ತಗ್ಗಿನ ನೀರು. ಆ ತಿಂಗಳುಗಳಲ್ಲಿ ತುಂಬಿದ ಜಲಾಶಯದ ಲೆಕ್ಕ ಉಪಯೋಗಕ್ಕೆ ಬರುವುದಿಲ್ಲ. ಕೊಳೆಯ ರೋಗಾಣುಗಳು ಕೆಲವು ದಿನಗಳಲ್ಲಿ ಸತ್ತಾವು, ಅದರ ರಂಜಕ ಹಾಗೆ ಸಾಯುವುದಿಲ್ಲ. ತಳದ ರಾಡಿಯಲ್ಲಿ ಕೂತು ವರ್ಷದಿಂದ ವರ್ಷಕ್ಕೆ ಕೂಡುತ್ತದೆ. ನಿಂತ ನೀರು, ಸುಡುವ ಬಿಸಿಲು, ಜೊತೆಗೆ ರಂಜಕ, ಈ ಮೂರೂ ಸೇರಿದಲ್ಲಿ ನೀಲಿ-ಹಸಿರು ಪಾಚಿ ಹೆಪ್ಪುಗಟ್ಟುತ್ತದೆ. ಆ ಪಾಚಿಯ ಕೆಲವು ಜಾತಿಗಳು ಬಿಡುವ ನಂಜನ್ನು ನಮ್ಮ ಮರಳು ಫಿಲ್ಟರು ಹಿಡಿದಿಡಲಾರದು.

ಮೇಲಿನವರ ಮಾತನ್ನೂ ಆಡಿಯೇ ಮುಂದೆ ಹೋಗೋಣ. ಇಚಲಕರಂಜಿಯ ಬಣ್ಣದ ಕಾರ್ಖಾನೆಗಳ ಹೊಲಸು ಹೊತ್ತ ಪಂಚಗಂಗೆ ನರಸೋಬವಾಡಿಯಲ್ಲಿ ಕೃಷ್ಣೆಗೆ ಸೇರುತ್ತದೆ. ಘಟಪ್ರಭೆಯ ಎರಡೂ ದಂಡೆಯಲ್ಲಿ ಸಕ್ಕರೆ ಕಾರ್ಖಾನೆಗಳಿವೆ. ಇಂಥ ಕಾರ್ಖಾನೆಗಳ ಜೊತೆಗಿರುವ ಡಿಸ್ಟಿಲರಿಯ ಕೊಳೆನೀರಿನ ಜೈವಿಕ ಆಮ್ಲಜನಕ ಬೇಡಿಕೆ, ಅಂದರೆ ಹೊಲಸಿನ ಅಳತೆ, ಲೀಟರಿಗೆ 40,000 ಮಿಲಿಗ್ರಾಂ ದಾಟುತ್ತದೆ. ನಮ್ಮ ಊರ ಗಟಾರದ್ದು 200ರಿಂದ 300. ಅಲ್ಲಿನ ಒಂದು ಲೀಟರು ಇಲ್ಲಿನ ನೂರಕ್ಕೂ ಹೆಚ್ಚು ಲೀಟರಿಗೆ ಸಮ. ಅವರನ್ನು ಮಾಲಿನ್ಯ ನಿಯಂತ್ರಣ ಮಂಡಳಿ ಹಿಡಿಯಬೇಕು, ನಾವೂ ಒತ್ತಾಯಿಸಬೇಕು. ಆದರೆ ನಮ್ಮ ಗಟಾರ ನಮ್ಮದೇ ಜಾಕ್‌ವೆಲ್ಲಿನ ಮಗ್ಗುಲಲ್ಲಿ ಬೀಳುತ್ತಿರುವಾಗ ಇಚಲಕರಂಜಿಯ ಕಡೆ ಬೆರಳು ತೋರಿಸಿ ಕೂಡುವುದು ನಮ್ಮ ಮಕ್ಕಳಿಗೆ ಮಾಡುವ ಅನ್ಯಾಯ.

ಇನ್ನು ಶುದ್ಧೀಕರಣದ ವಿಷಯ. ಕೊಳೆನೀರನ್ನು ಶುದ್ಧ ಮಾಡುವುದು ಯಂತ್ರ ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಯಂತ್ರ ಬರೀ ಗಾಳಿ ಊದುತ್ತದೆ, ನೀರು ಎತ್ತುತ್ತದೆ. ಶುದ್ಧ ಮಾಡುವವು ಬ್ಯಾಕ್ಟೀರಿಯಾಗಳು. ನೀರಿನಲ್ಲಿ ಕರಗಿದ ಹೊಲಸು ಅವಕ್ಕೆ ಅನ್ನ. ಅವು ಅದನ್ನು ತಿಂದು ತಮ್ಮ ಮೈ ಬೆಳೆಸಿಕೊಳ್ಳುತ್ತವೆ, ಒಂದಕ್ಕೊಂದು ಅಂಟಿ ಮುದ್ದೆಯಾಗಿ ತಳಕ್ಕೆ ಇಳಿಯುತ್ತವೆ. ಮೇಲೆ ತಿಳಿನೀರು ಉಳಿಯುತ್ತದೆ. 1914ರಲ್ಲಿ ಮ್ಯಾಂಚೆಸ್ಟರಿನಲ್ಲಿ ಎಡ್ವರ್ಡ್ ಆರ್ಡರ್ನ್ ಮತ್ತು ವಿಲಿಯಂ ಲಾಕೆಟ್ ಎಂಬಿಬ್ಬರು ತೋರಿಸಿಕೊಟ್ಟದ್ದು ಇದನ್ನೇ. ಕೊಳೆನೀರಿಗೆ ಗಾಳಿ ಊದಿದರು. ಮೊದಲ ಸಲ ತಿಳಿಯಾಗಲು ವಾರಗಟ್ಟಲೆ ಹಿಡಿಯಿತು. ತಿಳಿನೀರು ಬಸಿದು, ತಳದ ಕೆಸರನ್ನು ಚೆಲ್ಲದೆ ಅದರ ಮೇಲೆಯೇ ಹೊಸ ಕೊಳೆನೀರು ಹೊಯ್ದರು. ಹೀಗೆ ಮಾಡುತ್ತ ಹೋದಂತೆ ಕಾಲ ಇಳಿಯುತ್ತ ಬಂದು ಒಂದು ದಿನದೊಳಗೇ ಕೆಲಸ ಮುಗಿಯತೊಡಗಿತು. ಹಾಲಿಗೆ ನಿನ್ನೆಯ ಮೊಸರಿನ ಹೆಪ್ಪು ಹಾಕುವ ಪ್ರತಿ ಮನೆಯ ತಾಯಿಗೂ ಇದರ ಮರ್ಮ ತಿಳಿಯುತ್ತದೆ. ಇಂದು ಜಗತ್ತಿನ ದೊಡ್ಡ ನಗರಗಳ ಬಹುಪಾಲು ಸ್ಥಾವರಗಳು ನಿಂತಿರುವುದು ಆ ಕೆಸರನ್ನು ತಿರುಗಿ ಹಾಕುವ ತತ್ವದ ಮೇಲೆ.

ಅವರಿಬ್ಬರಿಗೂ ಮಾರ್ಗದರ್ಶಕರಾಗಿದ್ದ ಗಿಲ್ಬರ್ಟ್ ಫೌಲರ್ 1916ರಲ್ಲಿ ನಮ್ಮ ಬೆಂಗಳೂರಿಗೆ, ಭಾರತೀಯ ವಿಜ್ಞಾನ ಸಂಸ್ಥೆಗೆ ಪ್ರಾಧ್ಯಾಪಕರಾಗಿ ಬಂದರು. ಮ್ಯಾಂಚೆಸ್ಟರಿನಲ್ಲಿ ಹುಟ್ಟಿದ ವಿದ್ಯೆ ಎರಡೇ ವರ್ಷದಲ್ಲಿ ಕನ್ನಡ ನೆಲಕ್ಕೆ ತಲುಪಿತ್ತು. ನೂರು ವರ್ಷಕ್ಕೂ ಮೇಲಾಯಿತು. ಆ ವಿದ್ಯೆ ಬೆಂಗಳೂರಿನಿಂದ ನಮ್ಮ ಹಳ್ಳಿಯ ಗಟಾರದವರೆಗೆ ಬರಲಿಲ್ಲ ಎಂಬುದು ನನಗೆ ನೋವಿನ ಸಂಗತಿ.

ಗಾಳಿಯಲ್ಲಿ ಬದುಕುವ ಬ್ಯಾಕ್ಟೀರಿಯಾಗಳಂತೆ ಗಾಳಿಯಿಲ್ಲದೆ ಬದುಕುವವೂ ಇವೆ. ಗೋಬರ್ ಗ್ಯಾಸಿನ ಗುಂಡಿ ಇದ್ದ ಮನೆಯವರಿಗೆ ಅವುಗಳ ಪರಿಚಯವಿದೆ. ಗದಗ–ಸೊಲ್ಲಾಪುರದ ರೈಲು ಕೃಷ್ಣೆಯನ್ನು ದಾಟುವಾಗ ಡಬ್ಬಿಗಳ ಕೆಳಗಿರುವ ಜೈವಿಕ ಶೌಚಾಲಯದ ತೊಟ್ಟಿಗಳಲ್ಲೂ ಕೆಲಸ ಮಾಡುವುದು ಆ ಜಾತಿಯವೇ. ಇವಕ್ಕೆ ಊದುವ ಯಂತ್ರ ಬೇಡ, ಬೆಚ್ಚಗಿನ ನೀರು ಬೇಕು. ನೆದರ್ಲೆಂಡ್ಸಿನ ಲೆಟ್ಟಿಂಗಾ 1970ರ ದಶಕದಲ್ಲಿ ಬೀಟ್ ಸಕ್ಕರೆ ಕಾರ್ಖಾನೆಯ ಕೊಳೆನೀರಿಗೆಂದು ಕೆಳಗಿನಿಂದ ಮೇಲಕ್ಕೆ ನೀರು ಹಾಯಿಸುವ ತೊಟ್ಟಿಯೊಂದನ್ನು ರೂಪಿಸಿದರು. ಅದು ಯುಎಎಸ್‌ಬಿ ಎಂಬ ಹೆಸರಿನಲ್ಲಿ 1989ರಲ್ಲಿ ಕಾನಪುರಕ್ಕೆ ಬಂತು. ಚಳಿಯ ದೇಶದಲ್ಲಿ ಹುಟ್ಟಿದರೂ ಅದು ಊರ ಕೊಳೆಗೆ ಚೆನ್ನಾಗಿ ಒಗ್ಗಿದ್ದು ಬಿಸಿಲಿನ ದೇಶಗಳಲ್ಲಿ. ನೀರಿನ ಉಷ್ಣತೆ ಹತ್ತು ಡಿಗ್ರಿ ಏರಿದರೆ ಈ ಜೀವಿಗಳ ಕೆಲಸದ ವೇಗ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಮೇ ತಿಂಗಳಲ್ಲಿ ನಾವು ಬಯ್ಯುವ ಈ ಬಿಸಿಲಿಗಾಗಿ ಯುರೋಪಿನ ಎಂಜಿನಿಯರರು ಹಣ ಸುರಿಯುತ್ತಾರೆ.

ಹೊಸ ತಂತ್ರಜ್ಞಾನಗಳ ಬಗ್ಗೆ ನನಗೆ ದೊಡ್ಡ ಗೌರವವಿದೆ. ಒಂದೇ ತೊಟ್ಟಿಯಲ್ಲಿ ಸರದಿಯಂತೆ ತುಂಬಿಸಿ, ಗಾಳಿ ಊದಿ, ತಿಳಿಗೊಳಿಸಿ, ಬಸಿಯುವ ಎಸ್‌ಬಿಆರ್. ಸಾವಿರಾರು ಪ್ಲಾಸ್ಟಿಕ್ ಬಿಲ್ಲೆಗಳ ಮೈಮೇಲೆ ಬ್ಯಾಕ್ಟೀರಿಯಾ ಬೆಳೆಸುವ, ನಾರ್ವೆಯಲ್ಲಿ ಹುಟ್ಟಿದ ಎಂಬಿಬಿಆರ್. ರೋಗಾಣುವೂ ನುಸುಳದಷ್ಟು ಸಣ್ಣ ರಂಧ್ರಗಳ ಪೊರೆಯಲ್ಲಿ ಸೋಸುವ ಎಂಬಿಆರ್. ಕೊನೆಯದನ್ನು ಬೆಂಗಳೂರಿನ ಕಬ್ಬನ್ ಪಾರ್ಕಿನಲ್ಲಿ ನೋಡಬಹುದು; ಅಲ್ಲಿ ದಿನಕ್ಕೆ 15 ಲಕ್ಷ ಲೀಟರ್ ಸಾಮರ್ಥ್ಯದ ಸ್ಥಾವರ ಕೊಳೆನೀರನ್ನು ಸೋಸಿ ಉದ್ಯಾನದ ಗಿಡಗಳಿಗೆ ಕೊಡುತ್ತದೆ. ನೆದರ್ಲೆಂಡ್ಸಿನ ಎಪೆ ಎಂಬ ಊರಿನಲ್ಲಿ 2012ರಿಂದ ಬ್ಯಾಕ್ಟೀರಿಯಾಗಳನ್ನು ಸಡಿಲ ಮುದ್ದೆಯ ಬದಲು ಗಟ್ಟಿ ಕಾಳುಗಳಾಗಿ ಬೆಳೆಸುವ ಸ್ಥಾವರವಿದೆ. ಕಾಳುಗಳು ಬೇಗ ತಳ ಸೇರುವುದರಿಂದ ಜಾಗವೂ ಕರೆಂಟೂ ಕಡಿಮೆ ಸಾಕು. ಜಾಗವೇ ಇಲ್ಲದ ಶಹರಕ್ಕೆ ಇವೆಲ್ಲ ವರ.

ನಮ್ಮ ಊರುಗಳಿಗೆ ಇವುಗಳಲ್ಲಿ ಯಾವುದೂ ಮೊದಲ ಆಯ್ಕೆಯಾಗಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಗಾಳಿ ಊದುವ ಸ್ಥಾವರದಲ್ಲಿ ಕರೆಂಟಿನ ಅರ್ಧಕ್ಕೂ ಹೆಚ್ಚು ಪಾಲು ಆ ಊದುವುದಕ್ಕೇ ಹೋಗುತ್ತದೆ. ಹಳ್ಳಿಗೆ ತ್ರೀಫೇಸ್ ಕರೆಂಟು ಬರುವ ಹೊತ್ತು ನಿಮಗೆ ಗೊತ್ತಿದೆ. ಕೆಲವು ತಾಸು ಗಾಳಿ ನಿಂತರೆ ಬ್ಯಾಕ್ಟೀರಿಯಾ ಉಸಿರುಗಟ್ಟುತ್ತವೆ, ವಾಸನೆ ಏಳುತ್ತದೆ, ಎರಡು ದಿನ ನಿಂತರೆ ಮತ್ತೆ ಮೊದಲಿನಿಂದ ಕಟ್ಟಿ ಬೆಳೆಸಬೇಕು. ಡೀಸೆಲ್ ಜನರೇಟರ್ ಇಡುತ್ತೇವೆ ಎಂದು ಕಂಪನಿಯವರು ಹೇಳುತ್ತಾರೆ. ಡೀಸೆಲ್ಲಿನ ಬಿಲ್ಲು ಕಟ್ಟುವವರು ಯಾರೆಂದು ಕೇಳಿರಿ. ಊದುವ ಯಂತ್ರದ ಬೇರಿಂಗ್ ಹೋದರೆ ಬಿಡಿಭಾಗ ಬರುವುದು ಪುಣೆಯಿಂದಲೋ ಬೆಂಗಳೂರಿನಿಂದಲೋ, ಎಷ್ಟು ದಿನಕ್ಕೆ ಎಂದೂ ಕೇಳಿರಿ. ಪೊಟ್ಟಣದಲ್ಲಿ ಬ್ಯಾಕ್ಟೀರಿಯಾ ಪುಡಿ ತಂದು ಗಟಾರಕ್ಕೆ ಚೆಲ್ಲಿದರೆ ನೀರು ಶುದ್ಧವಾಗುತ್ತದೆ ಎನ್ನುವವರನ್ನಂತೂ ಚಹಾ ಕೊಟ್ಟು ಕಳಿಸಿಬಿಡಿ. ಕೊಳೆನೀರಿನಲ್ಲಿ ಬ್ಯಾಕ್ಟೀರಿಯಾಗಳಿಗೆ ಕೊರತೆಯಿಲ್ಲ. ಕೊರತೆ ಇರುವುದು ಅವುಗಳಿಗೆ ಬೇಕಾದ ಆಮ್ಲಜನಕಕ್ಕೆ, ಅವು ಕೆಲಸ ಮಾಡಲು ಬೇಕಾದ ಸಮಯಕ್ಕೆ.

ಆ ಎರಡನ್ನೂ ಕರೆಂಟಿಲ್ಲದೆ ಕೊಡುವ ವಿಧಾನವೆಂದರೆ ಸಾಲು ಕೊಳಗಳು. ಮೊದಲನೆಯದು ಮೂರ್ನಾಲ್ಕು ಮೀಟರ್ ಆಳದ್ದು. ಗಾಳಿ ತಲುಪದ ಅದರ ತಳದಲ್ಲಿ ಗಟ್ಟಿ ಹೊಲಸು ಕೊಳೆತು ಕರಗುತ್ತದೆ. ಎರಡನೆಯದು ಒಂದೂವರೆ ಮೀಟರ್ ಆಳದ್ದು, ಅಗಲವಾದದ್ದು. ಅಲ್ಲಿ ಬಿಸಿಲಿಗೆ ಪಾಚಿ ಬೆಳೆದು ಹಗಲಿಡೀ ಆಮ್ಲಜನಕ ಬಿಡುತ್ತದೆ, ಅದನ್ನು ಉಸಿರಾಡಿ ಬ್ಯಾಕ್ಟೀರಿಯಾ ಉಳಿದ ಹೊಲಸನ್ನು ತಿನ್ನುತ್ತವೆ. ಊದುವ ಯಂತ್ರದ ಕೆಲಸವನ್ನು ಇಲ್ಲಿ ಸೂರ್ಯನೇ ಮಾಡುತ್ತಾನೆ. ಮೂರನೆಯದು, ನಾಲ್ಕನೆಯದು ಒಂದು ಮೀಟರಿನಷ್ಟು ಆಳದವು. ಪಾಚಿಯಿಂದ ನೀರಿನ ಕ್ಷಾರಗುಣ ಮಧ್ಯಾಹ್ನ ಏರುತ್ತದೆ, ಮೇಲಿಂದ ಬಿಸಿಲು ತಳದವರೆಗೆ ಇಳಿಯುತ್ತದೆ, ರೋಗಾಣುಗಳು ಸಾಯುತ್ತವೆ. ಜಂತುಹುಳುವಿನ ತತ್ತಿಗಳು ಭಾರಕ್ಕೆ ತಳ ಸೇರುತ್ತವೆ. ನೀರು ಈ ಸಾಲನ್ನು ದಾಟಲು ನಮ್ಮ ಸೀಮೆಯ ಬಿಸಿಲಿಗೆ ಎರಡು ವಾರದ ಆಸುಪಾಸು ಸಾಕು. ಚಳಿಗಾಲದಲ್ಲೂ ಇಲ್ಲಿ ಕೊಳದ ನೀರು 20 ಡಿಗ್ರಿಗಿಂತ ಕೆಳಗಿಳಿಯುವುದು ಅಪರೂಪ.

ಜಾಗ ಹೆಚ್ಚು ಬೇಕು, ನಿಜ. ದಿನಕ್ಕೆ ಹತ್ತು ಲಕ್ಷ ಲೀಟರಿಗೆ ಎರಡೂವರೆಯಿಂದ ಐದು ಎಕರೆ ಹಿಡಿಯಬೇಕು. ಎಸ್‌ಬಿಆರ್ ಅದರ ಹತ್ತನೇ ಒಂದು ಪಾಲಿನಲ್ಲಿ ಕೂತೀತು. ಆದರೆ ಮೊದಲು ಹೇಳಿದ ನಾಲ್ಕು ಸಾವಿರ ಜನರ ಊರಿಗೆ ಬೇಕಾದದ್ದು 20ರಿಂದ 35 ಗುಂಟೆ ಮಾತ್ರ. ಅಷ್ಟು ಗಾವಠಾಣ ಜಾಗವೋ ಸರಕಾರಿ ಖಾರಜ ಜಾಗವೋ ಊರ ತಗ್ಗಿನ ಕಡೆ ಸಿಗುವುದು ಕಷ್ಟವಲ್ಲ. ಮತ್ತೆ, ಇಂಗುಗುಂಡಿಗೆ ವೈರಿಯಾದ ಎರೆ ಮಣ್ಣು ಕೊಳಕ್ಕೆ ಗೆಳೆಯ. ನೀರು ಇಂಗಬಾರದು ಎಂಬುದೇ ಇಲ್ಲಿ ಬೇಕಾದದ್ದು. ತಳ ಸದಾ ಹಸಿಯಾಗಿದ್ದರೆ ಎರೆ ಬಿರಿಯುವುದಿಲ್ಲ. ದಂಡೆಯ ಒಡ್ಡನ್ನು ಮಾತ್ರ ಗರಸು ತಂದು ಗಟ್ಟಿಮಾಡಿ ಕಲ್ಲು ಹೊದಿಸಬೇಕು. ಒಡ್ಡಿನ ಅಂಚಿನ ಹುಲ್ಲು ಕಿತ್ತು ಸ್ವಚ್ಛವಾಗಿಟ್ಟರೆ ಸೊಳ್ಳೆಯ ಕಾಟ ಕಡಿಮೆ. ಇದು ದಿನನಿತ್ಯದ ಕೆಲಸ. ಬಿಟ್ಟರೆ ಕೊಳ ಸೊಳ್ಳೆಯ ತೊಟ್ಟಿಲಾಗುತ್ತದೆ ಎಂಬುದನ್ನು ಮುಚ್ಚಿಡಲಾರೆ.

ಜಾಗ ಇನ್ನೂ ಕಡಿಮೆಯಿದ್ದರೆ ಜಲ್ಲಿಕಲ್ಲಿನ ಪಾತಿಯಲ್ಲಿ ಗಿಡ ಬೆಳೆಸಿ ಅದರ ಬೇರಿನ ನಡುವೆ ನೀರು ಹಾಯಿಸುವ ಕ್ರಮವಿದೆ. 1950ರ ದಶಕದಲ್ಲಿ ಜರ್ಮನಿಯ ಕೇಟೆ ಝೈಡೆಲ್ ಎಂಬ ವಿಜ್ಞಾನಿ ಇದನ್ನು ಪ್ರಯೋಗಿಸಿದರು. ನಾಗಪುರದ ನೀರಿ ಸಂಸ್ಥೆ ಫೈಟೊರಿಡ್ ಎಂಬ ಹೆಸರಿನಲ್ಲಿ ನಮ್ಮ ದೇಶಕ್ಕೆ ಹೊಂದಿಸಿಕೊಟ್ಟಿದೆ. ಹಿನ್ನೀರಿನ ಅಂಚಿನಲ್ಲಿ ತಾನಾಗಿ ಬೆಳೆಯುವ ಆಪು, ಮನೆಯಂಗಳದ ಕಾಬಾಳೆ, ಲಾವಂಚ ಇವೇ ಅದಕ್ಕೆ ಬೇಕಾದ ಗಿಡಗಳು. ದೊಡ್ಡ ಪ್ರಮಾಣದಲ್ಲಿ ನೋಡಬೇಕೆಂದರೆ ಬೆಂಗಳೂರಿನ ಜಕ್ಕೂರು ಕೆರೆಗೆ ಹೋಗಬೇಕು. ಅಲ್ಲಿ ಜಲಮಂಡಳಿ ಕಟ್ಟಿದ, ಮೊದಲಿಗೆ ದಿನಕ್ಕೆ ಒಂದು ಕೋಟಿ ಲೀಟರ್ ಸಾಮರ್ಥ್ಯವಿದ್ದ ಸ್ಥಾವರದ ನೀರು ನೇರ ಕೆರೆಗೆ ಬೀಳದೆ ಜೊಂಡಿನ ಜೌಗಿನ ಮೂಲಕ ಹಾದು ಹೋಗುತ್ತದೆ. ಸ್ಥಾವರ ತೆಗೆಯಲಾಗದೆ ಬಿಟ್ಟ ಸಾರಜನಕ, ರಂಜಕದ ಒಂದು ಪಾಲನ್ನು ಜೊಂಡು ಹೀರಿಕೊಳ್ಳುತ್ತದೆ. ಆ ಕೆರೆಯಲ್ಲಿ ಮೀನುಗಾರರು ಬಲೆ ಬೀಸುತ್ತಾರೆ. ಜೊಂಡನ್ನು ಕಾಲಕಾಲಕ್ಕೆ ಕೊಯ್ದು ಹೊರಗೆ ಸಾಗಿಸಬೇಕು. ಕೊಯ್ಯದೆ ಬಿಟ್ಟರೆ ಅದು ಅಲ್ಲೇ ಕೊಳೆತು, ಹೀರಿದ್ದನ್ನೆಲ್ಲ ತಿರುಗಿ ನೀರಿಗೇ ಬಿಡುತ್ತದೆ.

ಸೆಪ್ಟಿಕ್ ಟ್ಯಾಂಕಿನ ಹೂಳಿನ ಪ್ರಶ್ನೆ ಇವೆಲ್ಲಕ್ಕಿಂತ ತುರ್ತಿನದು. ನಮ್ಮ ಬಹುಪಾಲು ಊರುಗಳಲ್ಲಿ ಒಳಚರಂಡಿಯಿಲ್ಲ, ಸದ್ಯಕ್ಕೆ ಬರುವುದೂ ಇಲ್ಲ. ಇದೇ ಸ್ಥಿತಿಯಲ್ಲಿದ್ದ ದೇವನಹಳ್ಳಿ 2015ರಲ್ಲಿ ಒಂದು ದಾರಿ ಕಂಡುಕೊಂಡಿತು. ಸಿಡಿಡಿ ಸೊಸೈಟಿ ಎಂಬ ಸಂಸ್ಥೆಯ ನೆರವಿನಿಂದ ಅಲ್ಲಿನ ಪುರಸಭೆ ದಿನಕ್ಕೆ ಆರು ಸಾವಿರ ಲೀಟರ್ ಮಲಹೂಳನ್ನು ಶುದ್ಧೀಕರಿಸುವ ಘಟಕ ಕಟ್ಟಿತು. ಸಕ್ಕಿಂಗ್ ಗಾಡಿ ಹಳ್ಳಕ್ಕೆ ಹೋಗುವ ಬದಲು ಅಲ್ಲಿಗೆ ಬರುತ್ತದೆ. ಹೂಳು ಜೈವಿಕ ಅನಿಲದ ತೊಟ್ಟಿಯಲ್ಲಿ ಕೊಳೆಯುತ್ತದೆ, ಆಮೇಲೆ ಒಣಗು ಹಾಸಿನ ಮೇಲೆ ಒಣಗುತ್ತದೆ, ಊರ ಹಸಿಕಸದ ಜೊತೆ ಸೇರಿ ಗೊಬ್ಬರವಾಗಿ ರೈತರ ಹೊಲ ಸೇರುತ್ತದೆ. ಬಸಿದ ನೀರು ಜಲ್ಲಿ ಪಾತಿಯ ಮೂಲಕ ಹಾದು ಗಿಡಗಳಿಗೆ ಹೋಗುತ್ತದೆ. ಬಹುತೇಕ ಎಲ್ಲವೂ ಇಳಿಜಾರಿನ ಬಲದಿಂದಲೇ ನಡೆಯುತ್ತದೆ. ಒಂದೊಂದು ಹಳ್ಳಿ ಒಂದೊಂದು ಘಟಕ ಕಟ್ಟಬೇಕಿಲ್ಲ. ನಿಡಗುಂದಿ, ಕೊಲ್ಹಾರ, ಆಲಮಟ್ಟಿ ಮತ್ತು ಸುತ್ತಲಿನ ಪಂಚಾಯ್ತಿಗಳು ಕೂಡಿ ಒಂದು ಕಟ್ಟಿ, ಸಕ್ಕಿಂಗ್ ಗಾಡಿಯವರಿಗೆ ಇಲ್ಲಿಯೇ ಸುರಿಯಬೇಕೆಂಬ ಕರಾರಿನ ಮೇಲೆ ಪರವಾನಿಗೆ ಕೊಟ್ಟರೆ ಆಯಿತು. ಮೂರು ವರ್ಷಕ್ಕೊಮ್ಮೆ ಪ್ರತಿ ಮನೆಯ ಟ್ಯಾಂಕನ್ನು ಪಾಳಿಯ ಮೇಲೆ ಖಾಲಿ ಮಾಡಿಸುವ ಪದ್ಧತಿ ಇಟ್ಟರೆ ಟ್ಯಾಂಕಿನಿಂದ ಗಟಾರಕ್ಕೆ ಬರುವ ಹೊಲಸೂ ಇಳಿಯುತ್ತದೆ. ಮತ್ತು ಯಾವ ಕಾರಣಕ್ಕೂ, ಎಂಥ ತುರ್ತಿನಲ್ಲೂ, ಒಬ್ಬ ಮನುಷ್ಯನನ್ನು ಟ್ಯಾಂಕಿನೊಳಗೆ ಇಳಿಸಬೇಡಿ. ಮಲ ಹೊರುವ ಪದ್ಧತಿಯನ್ನು ನಿಷೇಧಿಸುವ 2013ರ ಕಾಯ್ದೆ, ರಕ್ಷಣಾ ಸಾಧನವಿಲ್ಲದೆ ಹಾಗೆ ಇಳಿಸುವುದನ್ನು ಅಪರಾಧವೆಂದಿದೆ. ಕಾಯ್ದೆ ಇಲ್ಲದಿದ್ದರೂ, ಬಸವಣ್ಣ ಹುಟ್ಟಿದ ಸೀಮೆಯಲ್ಲಿ ಅದು ನಡೆಯಕೂಡದು.

ಶುದ್ಧವಾದ ನೀರನ್ನು ಏನು ಮಾಡಬೇಕು? ತಿರುಗಿ ಹಿನ್ನೀರಿಗೆ ಬಿಡುವುದಕ್ಕಿಂತ ನೆಲಕ್ಕೆ ಕೊಡುವುದು ಲೇಸು. ಸಾಮಾನ್ಯ ಊರ ಕೊಳೆನೀರಿನಲ್ಲಿ ಲೀಟರಿಗೆ ಸುಮಾರು 40 ಮಿಲಿಗ್ರಾಂ ಸಾರಜನಕ ಇರುತ್ತದೆ. ಮೇಲೆ ಹೇಳಿದ ಇಪ್ಪತ್ತೈದು ಸಾವಿರ ಜನರ ಪಟ್ಟಣದಿಂದ ದಿನಕ್ಕೆ 80 ಕಿಲೋ, ವರ್ಷಕ್ಕೆ 29 ಟನ್. 45 ಕಿಲೋದ ಯೂರಿಯಾ ಚೀಲದ ಲೆಕ್ಕದಲ್ಲಿ 1,400 ಚೀಲ. ಕೊಳಗಳಲ್ಲಿ ಅರ್ಧ ಗಾಳಿಪಾಲಾದರೂ 700 ಚೀಲ. ಗೊಬ್ಬರದ ಅಂಗಡಿಯ ಮುಂದೆ ಪಾಳಿ ಹಚ್ಚಿ ನಿಂತ ರೈತರಿಗೆ ಈ ಅಂಕಿಯನ್ನು ನೀವೇ ಓದಿ ಹೇಳಿರಿ. ಎಚ್ಚರಿಕೆಯೂ ಬೇಕು. ಹಸಿಯಾಗಿ ತಿನ್ನುವ ಸೊಪ್ಪು, ಗಜ್ಜರಿ, ಸೌತೆಗೆ ಈ ನೀರು ಸಲ್ಲದು. ಮೇವು, ಹತ್ತಿ, ಕಬ್ಬು, ಮರಗಳಿಗೆ ಸಲ್ಲುತ್ತದೆ. ಕಾಲುವೆ ನೀರಿನಿಂದ ಸವಳು-ಜವಳು ಬಿದ್ದ ಹೊಲಗಳಿಗೆ ಇದನ್ನು ಹಾಯಿಸಿದರೆ ಉಪ್ಪು ಮತ್ತೂ ಹೆಚ್ಚುತ್ತದೆ. ಆಲಮಟ್ಟಿಯಲ್ಲಿ ನೂರಾರು ಪ್ರವಾಸಿಗರನ್ನು ಸೆಳೆಯುವ ಉದ್ಯಾನಗಳಿವೆ, ಕೃಷ್ಣಾ ಭಾಗ್ಯ ಜಲ ನಿಗಮದ ಅರಣ್ಯ ವಿಭಾಗವಿದೆ. ಆ ಗಿಡಗಳಿಗೆ ಆಲಮಟ್ಟಿಯದೇ ಶುದ್ಧೀಕರಿಸಿದ ನೀರು ಕೊಡುವುದರಿಂದ ಶುರು ಮಾಡಬಹುದು. ಪಕ್ಕದ ಕೂಡಗಿಯಲ್ಲಿ 2,400 ಮೆಗಾವ್ಯಾಟಿನ ಉಷ್ಣ ವಿದ್ಯುತ್ ಸ್ಥಾವರ ಇದೇ ಜಲಾಶಯದ ನೀರು ಕುಡಿಯುತ್ತದೆ. ಸ್ಥಳೀಯ ಸಂಸ್ಥೆಗಳ ಕೊಳಚೆ ಶುದ್ಧೀಕರಣ ಘಟಕದಿಂದ 50 ಕಿಲೋಮೀಟರ್ ಒಳಗಿರುವ ಉಷ್ಣ ಸ್ಥಾವರಗಳು ಅಲ್ಲಿನ ಶುದ್ಧೀಕರಿಸಿದ ನೀರನ್ನು ಕಡ್ಡಾಯವಾಗಿ ಬಳಸಬೇಕೆಂದು ಕೇಂದ್ರದ 2016ರ ವಿದ್ಯುತ್ ದರ ನೀತಿ ಹೇಳುತ್ತದೆ. ಸುತ್ತಲಿನ ಪಟ್ಟಣಗಳು ನೀರನ್ನು ಶುದ್ಧಗೊಳಿಸಿ ಮುಂದಿಟ್ಟರೆ ಕೊಳ್ಳುವ ಗಿರಾಕಿ ಕೂಗಳತೆಯಲ್ಲೇ ಇದ್ದಾನೆ.

ಕೋಲಾರದ ಅನುಭವವನ್ನೂ ಮರೆಯಬಾರದು. ಬೆಂಗಳೂರಿನ ಎರಡನೇ ಹಂತದವರೆಗೆ ಶುದ್ಧೀಕರಿಸಿದ ನೀರು 2018ರ ಜೂನ್‌ನಲ್ಲಿ ಕೆ.ಸಿ. ವ್ಯಾಲಿ ಯೋಜನೆಯಡಿ ಆ ಜಿಲ್ಲೆಯ ಕೆರೆಗೆ ಹರಿಯಿತು. ಮುಂದಿನ ತಿಂಗಳೇ ನೊರೆ ಕಾಣಿಸಿಕೊಂಡು ವಿಷಯ ಹೈಕೋರ್ಟಿಗೆ ಹೋಯಿತು. ಬತ್ತಿದ ಕೆರೆಗಳು ತುಂಬಿದ್ದು ಸತ್ಯ, ಜನರ ಮನಸ್ಸಿನಲ್ಲಿ ಅನುಮಾನ ಉಳಿದದ್ದೂ ಸತ್ಯ. ನೀರಿನ ಪರೀಕ್ಷೆಯ ಫಲಿತಾಂಶವನ್ನು ತಿಂಗಳಿಗೊಮ್ಮೆ ಪಂಚಾಯ್ತಿ ಕಟ್ಟೆಯ ಫಲಕದಲ್ಲಿ ಕನ್ನಡದಲ್ಲಿ ಬರೆದು ಹಚ್ಚುವುದನ್ನು ನಾವು ಮೊದಲ ದಿನದಿಂದಲೇ ರೂಢಿ ಮಾಡಿಕೊಳ್ಳಬೇಕು.

ಹಣದ ಮಾತಿಗೆ ಬರುತ್ತೇನೆ. 15ನೇ ಹಣಕಾಸು ಆಯೋಗ 2021–26ರ ಪಂಚಾಯ್ತಿ ಅನುದಾನದ ಶೇ 60ನ್ನು ನೀರು ಮತ್ತು ನೈರ್ಮಲ್ಯಕ್ಕೇ ಕಟ್ಟಿಟ್ಟಿತ್ತು. ಸ್ವಚ್ಛ ಭಾರತದ ಎರಡನೇ ಹಂತದಲ್ಲೂ ಬಚ್ಚಲ ನೀರಿನ ನಿರ್ವಹಣೆಗೆ ಬಾಬ್ತು ಇದೆ. ಕಟ್ಟುವುದಕ್ಕೆ ಹಣ ಯಾವುದೋ ದಾರಿಯಿಂದ ಬರುತ್ತದೆ. ನಡೆಸುವುದಕ್ಕೆ ಬರುವುದಿಲ್ಲ. ಘಟಕ ಸಾಯುವುದು ಅಲ್ಲಿಯೇ. ಉದ್ಘಾಟನೆಯ ಕಲ್ಲು ಹೊಳೆಯುತ್ತಿರುತ್ತದೆ, ಒಳಗೆ ಜಾಲಿ ಬೆಳೆದಿರುತ್ತದೆ. ಕೊಳವೇ ಆಗಲಿ ಪಾತಿಯೇ ಆಗಲಿ, ಬೆಳಿಗ್ಗೆ ಜಾಳಿಗೆಯ ಕಸ ತೆಗೆಯುವ, ಒಡ್ಡಿನ ಹುಲ್ಲು ಕೊಯ್ಯುವ, ನೀರಿನ ಬಣ್ಣ, ವಾಸನೆ ನೋಡಿ ವಹಿಯಲ್ಲಿ ಬರೆಯುವ ಒಬ್ಬ ಮನುಷ್ಯ ಬೇಕು. ನಮ್ಮ ವಾಟರ್‌ಮನ್‌ಗಳಿಗೆ ಯಾವ ಗಲ್ಲಿಯ ಪೈಪು ಎಲ್ಲಿ ಸೋರುತ್ತದೆಂದು ಕಣ್ಣು ಮುಚ್ಚಿ ಹೇಳುವಷ್ಟು ತಿಳಿವಳಿಕೆಯಿದೆ. ಬರುವ ನೀರನ್ನು ನೋಡಿಕೊಳ್ಳುವವರಿಗೇ ಹೋಗುವ ನೀರಿನ ತರಬೇತಿಯನ್ನೂ ಕೊಡಿಸಿರಿ. ಅದಕ್ಕೆ ತಕ್ಕ ಪಗಾರ, ಕೈಗವಸು, ಬೂಟು, ವರ್ಷಕ್ಕೊಮ್ಮೆ ವೈದ್ಯಕೀಯ ತಪಾಸಣೆ ಕೊಡಿರಿ. ತಿಂಗಳುಗಟ್ಟಲೆ ಪಗಾರ ಬಾಕಿಯಿಟ್ಟುಕೊಂಡು ಅವರಿಂದ ಇನ್ನೊಂದು ಕೆಲಸ ಮಾಡಿಸುವುದು ಆಗದ ಮಾತು.

ಇಷ್ಟೆಲ್ಲ ಈಗಲೇ ಬರೆಯಲು ಕಾರಣವಿದೆ. 1964ರ ಮೇ 22ರಂದು ಶಾಸ್ತ್ರೀಜಿ ಅಡಿಗಲ್ಲಿಟ್ಟ ಆಲಮಟ್ಟಿ ಅಣೆಕಟ್ಟಿನ ನೀರು 524.256 ಮೀಟರ್ ಮಟ್ಟಕ್ಕೆ ಏರಬಹುದೆಂದು ಬ್ರಿಜೇಶ್ ಕುಮಾರ್ ನ್ಯಾಯಾಧಿಕರಣ 2010ರ ಡಿಸೆಂಬರಿನಲ್ಲಿ ಒಪ್ಪಿತು. 2025ರ ಸೆಪ್ಟೆಂಬರಿನಲ್ಲಿ ರಾಜ್ಯ ಸಚಿವ ಸಂಪುಟ ಮುಳುಗುವ ಜಮೀನಿಗೆ ಪರಿಹಾರದ ದರವನ್ನೂ ಗೊತ್ತುಮಾಡಿತು. ನೀರು ಏರಿದರೆ ಮತ್ತಷ್ಟು ಊರುಗಳು ಏಳಬೇಕು, ಹೊಸ ಪುನರ್ವಸತಿ ಕೇಂದ್ರಗಳು, ಅಂದರೆ ಆರ್‌ಸಿಗಳು ಆಗಬೇಕು. ಹಳೆಯ ಆರ್‌ಸಿಗಳಲ್ಲಿ ಮೊದಲು ಪ್ಲಾಟು ಹಂಚಿ, ಆಮೇಲೆ ರಸ್ತೆ ಮಾಡಿ, ಗಟಾರದ ವಿಚಾರವನ್ನು ಕೊನೆಗೆ ಬಿಟ್ಟದ್ದರ ಫಲವನ್ನು ಅಲ್ಲಿನ ಜನ ಇಂದಿಗೂ ತುಳಿದು ಓಡಾಡುತ್ತಾರೆ. ಮನೆ ಕಟ್ಟಿದ ಊರಿನ ಕೆಳಗೆ ಪೈಪು ಹಾಕುವುದು ಎಷ್ಟು ದುಬಾರಿಯೋ, ಖಾಲಿ ನೆಲದಲ್ಲಿ ಹಾಕುವುದು ಅಷ್ಟೇ ಅಗ್ಗ. ಹೊಸ ಆರ್‌ಸಿಯ ನಕ್ಷೆಯಲ್ಲಿ ಶಾಲೆ, ಗುಡಿ, ಮಸೀದಿ, ರುದ್ರಭೂಮಿಯ ಜಾಗ ಗುರುತಿಸುವಾಗಲೇ ತಗ್ಗಿನ ಮೂಲೆಯಲ್ಲಿ ಕೊಳಗಳ ಒಂದು ಎಕರೆಯನ್ನೂ ಗುರುತಿಸಿರಿ. ಗಟ್ಟಿ ಹೊಲಸನ್ನು ಮನೆಯ ಟ್ಯಾಂಕಿನಲ್ಲೇ ಉಳಿಸಿ ತಿಳಿನೀರನ್ನು ಮಾತ್ರ ಒಯ್ಯುವ ಸಣ್ಣ ವ್ಯಾಸದ ಪೈಪು ನಮ್ಮ ಸಪಾಟು ಎರೆ ನೆಲಕ್ಕೆ ಹೊಂದುತ್ತದೆ. ಅದಕ್ಕೆ ಆಳದ ಅಗೆತವೂ ಬೇಡ, ಕಡಿದಾದ ಇಳಿಜಾರೂ ಬೇಡ. ಈಗಿರುವ ಊರುಗಳಲ್ಲಿ ಕಟ್ಟುವ ಘಟಕವೂ 524.256ರ ಗೆರೆಗಿಂತ ಮೇಲೆ ಇರಬೇಕು. ಇಲ್ಲದಿದ್ದರೆ ಹತ್ತು ವರ್ಷಕ್ಕೆ ಅದೇ ಮುಳುಗಡೆಯ ಪಟ್ಟಿಗೆ ಸೇರೀತು.

ಬರುವ ಗ್ರಾಮಸಭೆಗೆ, ವಾರ್ಡ್ ಸಭೆಗೆ ಪಿಡಿಒ ಅವರಿಂದ, ಮುಖ್ಯಾಧಿಕಾರಿಗಳಿಂದ ಮೂರು ಕಾಗದ ತರಿಸಿರಿ. ಊರ ಗಟಾರಗಳೆಲ್ಲ ಎಲ್ಲಿ ಬೀಳುತ್ತವೆ, ಅಲ್ಲಿಂದ ಜಾಕ್‌ವೆಲ್ಲಿಗೆ ಎಷ್ಟು ದೂರ ಎಂದು ತೋರಿಸುವ ನಕ್ಷೆ. 524.256ರ ಗೆರೆ ಎಳೆದ, ಆ ಗೆರೆಯ ಮೇಲಿನ ಸರಕಾರಿ ಜಾಗಗಳ ಉತಾರ. ಮತ್ತು ಬರುವ ವರ್ಷದ ಬಜೆಟ್ಟಿನಲ್ಲಿ ಕೊಳೆನೀರು ನೋಡಿಕೊಳ್ಳುವವರ ಹನ್ನೆರಡು ತಿಂಗಳ ಪಗಾರದ ಬಾಬ್ತು ಬರೆದ ಪುಟ. ಮೂರನೆಯದು ಬರುವ ತನಕ ಯಾವ ಕಂಪನಿಯ ಕೊಟೇಶನ್ನಿಗೂ ಸಹಿ ಹಾಕಬೇಡಿ. ನಕ್ಷೆ ಓದಲು, ಲೆಕ್ಕ ಹಾಕಲು ಕೈಜೋಡಿಸುವವರು ಬೇಕಾದರೆ ಯಾವ ಪಂಚಾಯ್ತಿ ಕರೆದರೂ ಬರುತ್ತೇನೆ.

ಇಂತು ನಿಮ್ಮವ,
ಆಲಮಟ್ಟಿ ಹಿನ್ನೀರಿನ ದಂಡೆಯ ಒಬ್ಬ ನಿವೃತ್ತ ನೀರು ಸರಬರಾಜು ನೌಕರ